ಮುಂಬೈಗೆ ಕ್ಯಾಮೆರಾ ಹಿಡಿದು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಕ್ಕನ ಮನೆ ಇರೋದು ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ. ಆ ನೆಪದಲ್ಲಿ ವರ್ಷಕ್ಕೆ ಒಂದೆರಡು ಸಲ ಮುಂಬೈಗೆ ಹೋಗುತ್ತೇನೆ. ಹೋದಾಗ ಕ್ಯಾಮೆರಾ ಹೆಗಲಲ್ಲೇ ಇರುತ್ತದೆ. ಹಾಗಾಗಿ ಪರಿಚಯದವರಲ್ಲಿ ಯಾರು ಮುಂಬೈಗೆ ಹೊರಟರೂ ಹಿಂದಿನ ವಾರ ನನಗೊಂದು ಫೋನ್ ಬರುತ್ತದೆ. ಕೇಳುವುದು ಹೆಚ್ಚೂಕಡಿಮೆ ಅದದೇ ಪ್ರಶ್ನೆ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಸುಲಭದ್ದು ಮೊದಲು, ಕೈ ಪಳಗಿದವರದ್ದು ಕೊನೆಗೆ.

## ಹೊರಡುವ ಮೊದಲು

ಮೊಬೈಲ್ ಸಾಕಾ, ಇಲ್ಲ ಕ್ಯಾಮೆರಾ ತಗೊಂಡೇ ಹೋಗಬೇಕಾ?

ಒಳ್ಳೆಯ ಮೊಬೈಲ್ ಇದ್ದರೆ ಮುಕ್ಕಾಲು ಪಾಲು ಫೋಟೊ ಅದರಲ್ಲೇ ಆಗುತ್ತದೆ. ಗೇಟ್‌ವೇ ಆಫ್ ಇಂಡಿಯಾ, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣ), ಸಮುದ್ರದ ದಂಡೆಯ ಮರೀನ್ ಡ್ರೈವ್ ರಸ್ತೆ, ತಟ್ಟೆಯಲ್ಲಿರುವ ಬನ್ ಮಸ್ಕಾ (ಬೆಣ್ಣೆ ಹಚ್ಚಿದ ಬನ್), ಯಾವುದಕ್ಕೂ ಕ್ಯಾಮೆರಾ ಬೇಕೇ ಬೇಕು ಅಂತಿಲ್ಲ. ಮೊಬೈಲ್ ಕೈ ಕೊಡುವುದು ಎರಡು ಕಡೆ. ಒಂದು, ದೂರದ ಹಕ್ಕಿ. ಇನ್ನೊಂದು, ಬೆಳಕು ಕಡಿಮೆ ಇದ್ದು ಜನ ಓಡಾಡುತ್ತಿರುವ ಜಾಗ. ನೈಟ್ ಮೋಡ್ ಹಲವು ಫ್ರೇಮ್‌ಗಳನ್ನು ಸೇರಿಸಿ ಒಂದು ಫೋಟೊ ಮಾಡುತ್ತದೆ. ಕಟ್ಟಡ ಅಲ್ಲಾಡುವುದಿಲ್ಲ, ಚೆನ್ನಾಗಿ ಬರುತ್ತದೆ. ಹೂವಿನ ಬುಟ್ಟಿ ಹೊತ್ತು ಓಡುವ ಮನುಷ್ಯ ಮಸಿ ಬಳಿದ ಹಾಗೆ ಬರುತ್ತಾನೆ.

ಒಂದು ಮಾತು. ಟ್ರಿಪ್‌ಗೆ ಅಂತ ಹಿಂದಿನ ದಿನ ಹೊಸ ಕ್ಯಾಮೆರಾ ಕೊಳ್ಳಬೇಡಿ. ಅದರ ಬಟನ್ ಹುಡುಕುವುದರಲ್ಲೇ ಮುಂಬೈ ಮುಗಿದುಹೋಗುತ್ತದೆ.

ನನ್ನ ಹತ್ರ ಮೂರು ಲೆನ್ಸ್ ಇದೆ. ಎಲ್ಲಾ ತರಲಾ?

ನಾನೂ ಮೊದಲ ಸಲ ಎಲ್ಲಾ ಹೊತ್ತಿದ್ದೆ. ಬೆನ್ನಿಗೆ ದೊಡ್ಡ ಬ್ಯಾಗು. ಬೆಳಗ್ಗೆ ಎಂಟೂವರೆಗೆ ಡೊಂಬಿವಲಿಯಲ್ಲಿ ಕೆಲವೇ ಸ್ಟೇಷನ್‌ಗಳಲ್ಲಿ ನಿಲ್ಲುವ ಫಾಸ್ಟ್ ಲೋಕಲ್ ರೈಲು ಹತ್ತಿದೆ. ಹತ್ತಿದೆ ಅನ್ನೋದಕ್ಕಿಂತ ಹಿಂದಿನವರು ಒಳಗೆ ತಳ್ಳಿದರು ಅನ್ನಬೇಕು. ದಾದರ್ ಬಂತು, ನಾನು ಬಾಗಿಲ ಕಡೆ ತಿರುಗಿದೆ, ಬ್ಯಾಗು ತಿರುಗಲಿಲ್ಲ. ಇಬ್ಬರ ನಡುವೆ ಸಿಕ್ಕಿಹಾಕಿಕೊಂಡಿತ್ತು. ಕೊನೆಗೆ ಇಳಿದದ್ದು ಭಾಯ್ಖಳಾದಲ್ಲಿ. ಒಬ್ಬರು ಅಜ್ಜ ಹಿಂದಿಯಲ್ಲಿ, 'ಬ್ಯಾಗು ಮುಂದೆ ಹಾಕ್ಕೋಬೇಕಪ್ಪಾ, ಎದೆ ಮೇಲೆ' ಅಂದರು. ಸುತ್ತ ನೋಡಿದರೆ ಎಲ್ಲರದ್ದೂ ಎದೆ ಮೇಲೇ ಇತ್ತು.

ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ: ಲೋಕಲ್‌ನಲ್ಲಿ ಎದೆಗವಚಿ ನಿಲ್ಲಲು ಆಗುವಷ್ಟು ಮಾತ್ರ ಸಾಮಾನು. ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್ ಇರುವ) ಕ್ಯಾಮೆರಾ ಆದರೆ ಅದರ ಜೊತೆ ಬರುವ 18-55 ಎಂಎಂ ಕಿಟ್ ಲೆನ್ಸ್ ಮತ್ತು ಕಡಿಮೆ ಬೆಳಕಿಗೂ ಆಗುವ 35 ಎಂಎಂ ಎಫ್ 1.8 ಲೆನ್ಸ್. ಹಗಲಿಗೆ ಮೊದಲನೆಯದು, ಮುಂಜಾವು ಮತ್ತು ರಾತ್ರಿಗೆ ಎರಡನೆಯದು. ಬಹಳ ಜನರ ಹತ್ತಿರ 50 ಎಂಎಂ ಎಫ್ 1.8 ಇರುತ್ತದೆ. ಲೆನ್ಸ್ ಒಳ್ಳೆಯದೇ, ಆದರೆ ಕ್ರಾಪ್ ಸೆನ್ಸರ್ ಮೇಲೆ ಅದು 75 ಅಥವಾ 80 ಎಂಎಂ ಥರ ನೋಡುತ್ತದೆ. ಮುಂಬೈ ಗಲ್ಲಿಗಳಲ್ಲಿ ಹಿಂದೆ ಸರಿಯಲು ಜಾಗ ಎಲ್ಲಿದೆ? ಉದ್ದದ ಜೂಮ್ ಬೇಕಾಗುವುದು ಫ್ಲೆಮಿಂಗೊ ಹಕ್ಕಿ ನೋಡಲು ಹೋದರೆ ಮಾತ್ರ.

ಹೊಸದಾಗಿ ತಗೊಳ್ಳೋದಾದ್ರೆ ಜೇಬಲ್ಲಿ ಹಿಡಿಯೋ ಅಂಥದ್ದು ಯಾವುದು?

ರಿಕೋ ಜಿಆರ್ ಸಾಲಿನ ಕ್ಯಾಮೆರಾಗಳು ನಿಜವಾಗಿಯೂ ಪ್ಯಾಂಟ್ ಜೇಬಲ್ಲಿ ಹಿಡಿಯುತ್ತವೆ. ಫ್ಯೂಜಿಫಿಲ್ಮ್ ಎಕ್ಸ್100 ಸಾಲಿನವು ಜಾಕೆಟ್ ಜೇಬಿನವು. ಎರಡರಲ್ಲೂ ಲೆನ್ಸ್ ಬದಲಿಸಲು ಬರುವುದಿಲ್ಲ, ಎರಡೂ ಅಗ್ಗವಲ್ಲ. ದುಡ್ಡು ಉಳಿಸಬೇಕು ಅಂದರೆ ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಬಾಡಿ, ಅದಕ್ಕೊಂದು ಚಿಕ್ಕ ಪ್ರೈಮ್ ಲೆನ್ಸ್ ನೋಡಿ. ಒಂದೇ ಟ್ರಿಪ್‌ಗೆ ಆದರೆ ಬೆಂಗಳೂರಿನಲ್ಲಿ ದಿನದ ಬಾಡಿಗೆಗೂ ಸಿಗುತ್ತದೆ. ತಗೊಳ್ಳುವಾಗ ಗಾಜಿನ ಮೇಲಿನ ಗೀರು, ಬೂಷ್ಟು ಅಂಗಡಿಯಲ್ಲೇ ನೋಡಿ, ಒಂದು ವಿಡಿಯೊ ತೆಗೆದಿಟ್ಟುಕೊಳ್ಳಿ.

ಯಾವ ತಿಂಗಳಲ್ಲಿ ಹೋದರೆ ಚೆನ್ನಾಗಿರುತ್ತೆ?

ಎಲ್ಲರೂ ಡಿಸೆಂಬರ್, ಜನವರಿ ಅನ್ನುತ್ತಾರೆ. ಓಡಾಡಲು ನಿಜವಾಗಿಯೂ ಹಿತ. ಆದರೆ ಆಗ ಗಾಳಿಯಲ್ಲಿ ಧೂಳು, ಹೊಗೆ ಜಾಸ್ತಿ. ಬೆಳಗ್ಗೆ ದೂರದ ಕಟ್ಟಡಗಳು ಮಾಸಲು ಪರದೆ ಹಿಂದೆ ನಿಂತ ಹಾಗೆ ಕಾಣುತ್ತವೆ. ನನ್ನ ಆಯ್ಕೆ ಮಳೆ ಮುಗಿಯುತ್ತಿರುವ ಸೆಪ್ಟೆಂಬರ್ ಕೊನೆ. ಸೆಕೆ ಇರುತ್ತದೆ, ಆದರೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಮೋಡವೂ ಸಿಗುತ್ತದೆ.

ಹೊತ್ತಿನ ಲೆಕ್ಕವೂ ಗೊತ್ತಿರಲಿ. ಡಿಸೆಂಬರ್ ಶುರುವಿನಲ್ಲಿ ಸೂರ್ಯ ಮುಳುಗುವುದು ಸಂಜೆ 6 ಗಂಟೆ ಸುಮಾರಿಗೆ. ಜೂನ್ ಕೊನೆಯಲ್ಲಿ 7.20 ಹತ್ತಿರ. ಜನವರಿಯಲ್ಲಿ ಹುಟ್ಟುವುದೇ 7.10 ದಾಟಿದ ಮೇಲೆ. ಬೆಂಗಳೂರಿನ ಅಂದಾಜಿನಲ್ಲಿ ಎದ್ದು ಹೋದರೆ ಕತ್ತಲಲ್ಲಿ ಕಾಯುತ್ತಾ ಕೂರಬೇಕಾಗುತ್ತದೆ.

ಬ್ಯಾಟರಿ, ಮೆಮೊರಿ ಕಾರ್ಡ್ ಎಷ್ಟು ಇಟ್ಕೋಬೇಕು?

ಮಿರರ್‌ಲೆಸ್ ಆದರೆ ಎರಡು ಬ್ಯಾಟರಿ. ಒಂದರಲ್ಲಿ ಸಾಮಾನ್ಯವಾಗಿ 300-400 ಫೋಟೊ ಬರುತ್ತದೆ, ಬೆಳಗ್ಗೆ ನಾಲ್ಕಕ್ಕೆ ಶುರು ಮಾಡಿದವರಿಗೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಕಾರ್ಡ್ 64 ಜಿಬಿಯ ಎರಡು ಇರಲಿ, 128ರ ಒಂದು ಬೇಡ. ಒಂದು ಕೆಟ್ಟರೆ ಅರ್ಧವಾದರೂ ಉಳಿಯುತ್ತದಲ್ವಾ? ವಿಮಾನದಲ್ಲಿ ಹೋಗುವವರು ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲಾ ಕೈಚೀಲದಲ್ಲೇ ಇಡಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ.

## ಎಲ್ಲಿಗೆ, ಯಾವ ಹೊತ್ತಿಗೆ

ಒಂದೇ ದಿನ ಇದೆ ಅಣ್ಣಾ. ಎಲ್ಲೆಲ್ಲಿ ಹೋಗಲಿ?

ಜಾಗದ ಪಟ್ಟಿ ಮಾಡಬೇಡಿ. ಬಿಸಿಲು ಯಾವ ಹೊತ್ತಿನಲ್ಲಿ ಯಾವ ಗೋಡೆ ಮೇಲೆ ಬೀಳುತ್ತದೆ ಅಂತ ನೋಡಿ. ದಕ್ಷಿಣ ಮುಂಬೈ ಒಂದು ಉದ್ದನೆಯ ನಾಲಿಗೆ. ಪೂರ್ವಕ್ಕೆ ಬಂದರು, ಪಶ್ಚಿಮಕ್ಕೆ ತೆರೆದ ಸಮುದ್ರ. ಬೆಳಗ್ಗೆ ಪೂರ್ವದ ಅಂಚು, ಸಂಜೆ ಪಶ್ಚಿಮದ ಅಂಚು. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಬೆಳಕು ಹರಿಯುವ ಹೊತ್ತಿಗೆ ಗೇಟ್‌ವೇ. ಸೂರ್ಯ ಬಂದರಿನ ನೀರಿನಿಂದ ಮೇಲೆ ಬರುತ್ತಾನೆ. ಮೊದಲು ಕಮಾನಿನ ಕಪ್ಪು ಆಕೃತಿ ತೆಗೆಯಿರಿ. ಆಮೇಲೆ ಹಿಂದೆ ತಿರುಗಿದರೆ 1903ರ ತಾಜ್ ಹೋಟೆಲಿನ ಮುಖದ ಮೇಲೆ ಎಳೆ ಬಿಸಿಲು ಬಿದ್ದಿರುತ್ತದೆ. ಹನ್ನೊಂದೂವರೆ ಸುಮಾರಿಗೆ ಚರ್ಚ್‌ಗೇಟ್ ಸ್ಟೇಷನ್ ಹೊರಗೆ ನಿಲ್ಲಿ. ಆಫೀಸುಗಳಿಗೆ ಮನೆಯೂಟ ತಲುಪಿಸುವ ಬಿಳಿ ಟೋಪಿಯ ಡಬ್ಬಾವಾಲಾಗಳು ಡಬ್ಬಿ ಇಳಿಸಿ ಫುಟ್‌ಪಾತ್ ಮೇಲೆ ವಿಂಗಡಿಸುತ್ತಾರೆ. ಅವರಿಗೆ ಪುರುಸೊತ್ತಿಲ್ಲ, ದಾರಿಗೆ ಅಡ್ಡ ನಿಲ್ಲಬೇಡಿ. ಭಾನುವಾರ ಹೋದರೆ ಯಾರೂ ಇರುವುದಿಲ್ಲ.

ನಡು ಮಧ್ಯಾಹ್ನದ ಬಿಸಿಲಲ್ಲಿ ಫೋಟೊ ತೆಗೆಯುವುದು ಸುಮ್ನೆ ದಂಡ. ಮರೀನ್ ಲೈನ್ಸ್ ಹತ್ತಿರ 1904ರಿಂದ ಇರುವ ಕಯಾನಿ ಅನ್ನೋ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯಿರಿ. ಮೊದಲು ಆರ್ಡರ್ ಮಾಡಿ, ಆಮೇಲೆ ಫೋಟೊಗೆ ಕೇಳಿ. ನಾಲ್ಕಕ್ಕೆ ಓವಲ್ ಮೈದಾನ. ಸಂಜೆ ಮರೀನ್ ಡ್ರೈವ್. ದೀಪ ಹತ್ತಿದ ಮೇಲೆ ಸಿಎಸ್‌ಎಂಟಿ. 

ಓವಲ್ ಮೈದಾನದಲ್ಲಿ ಏನಿದೆ? ಬರೀ ಕ್ರಿಕೆಟ್ ಅಲ್ವಾ?

ಕ್ರಿಕೆಟ್ಟೇ. ಆದರೆ ಆ ಮೈದಾನದ ಎರಡು ಬದಿಗೆ ಎರಡು ಕಾಲ ಎದುರುಬದುರು ನಿಂತಿವೆ. ಪೂರ್ವಕ್ಕೆ 19ನೇ ಶತಮಾನದ, ಚೂಪು ಕಮಾನು-ಗೋಪುರಗಳ ಗೋಥಿಕ್ ಶೈಲಿಯ ಕಟ್ಟಡಗಳ ಸಾಲು: ಹೈಕೋರ್ಟು, ಯೂನಿವರ್ಸಿಟಿ, 280 ಅಡಿ ಎತ್ತರದ ರಾಜಾಬಾಯಿ ಗಡಿಯಾರ ಗೋಪುರ. ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೊ ಮನೆಗಳು, ದುಂಡು ಬಾಲ್ಕನಿ, ಹಡಗಿನ ಡೆಕ್ಕಿನಂಥ ಕಂಬಿ. ಎರಡೂ ಸೇರಿಸಿಯೇ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದವು.

ಬೆಳಗಿನ ಬಿಸಿಲು ಡೆಕೊ ಮನೆಗಳ ಮೇಲೆ, ಸಂಜೆಯದು ಗೋಥಿಕ್ ಸಾಲಿನ ಮೇಲೆ. ಸಂಜೆ ಮೈದಾನಕ್ಕೆ ನೆರಳು ಬಂದ ಮೇಲೂ ಗೋಪುರದ ತುದಿಯಲ್ಲಿ ಬಿಸಿಲು ಉಳಿದಿರುತ್ತದೆ. ಕೆಳಗೆ ಮಬ್ಬಿನಲ್ಲಿ ಬಿಳಿ ಅಂಗಿಯ ಹುಡುಗರು ಆಡುತ್ತಿರುತ್ತಾರೆ. ನನಗೆ ಮುಂಬೈನಲ್ಲಿ ಒಂದೇ ಫೋಟೊ ತೆಗೆಯಲು ಬಿಟ್ಟರೆ ಇದನ್ನೇ ತೆಗೆಯುತ್ತೇನೆ. ಗೇಟ್‌ವೇ ಅಲ್ಲ.

ಸಿಎಸ್‌ಎಂಟಿ ಪೂರ್ತಿ ಫ್ರೇಮಿಗೆ ಬರೋದೇ ಇಲ್ಲ. ಎಲ್ಲಿ ನಿಲ್ಲಬೇಕು?

ರಸ್ತೆ ಆಚೆ, ಪಾಲಿಕೆ ಕಟ್ಟಡದ ಬದಿಗೆ. ಅಲ್ಲಿ ಫೋಟೊಗೆಂದೇ ಒಂದು ಕಟ್ಟೆ ಮಾಡಿದ್ದಾರೆ. ಸ್ಟೇಷನ್ ಕಟ್ಟಡವನ್ನೂ ಹಿಂದಿನ ಪಾಲಿಕೆ ಕಟ್ಟಡವನ್ನೂ ಮಾಡಿದ್ದು ಒಬ್ಬನೇ, ಎಫ್. ಡಬ್ಲ್ಯು. ಸ್ಟೀವನ್ಸ್. ಸ್ಟೇಷನ್ ಪಶ್ಚಿಮಕ್ಕೆ ಮುಖ ಮಾಡಿದೆ, ಹಾಗಾಗಿ ಬೆಳಗ್ಗೆ ಹೋದರೆ ಮುಖ ಕಪ್ಪು, ಸಂಜೆ ಹೋದರೆ ಕಲ್ಲು ಜೇನುಬಣ್ಣ.

ಹತ್ತಿರ ನಿಂತು ಕ್ಯಾಮೆರಾ ಮೇಲಕ್ಕೆತ್ತಿದರೆ ಕಟ್ಟಡ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಕ್ಯಾಮೆರಾ ನೆಟ್ಟಗೆ ಹಿಡಿದು, ಕೆಳಗೆ ಬರುವ ರಸ್ತೆಯನ್ನು ಆಮೇಲೆ ಕತ್ತರಿಸಿ. ಪೂರ್ತಿ ಕಟ್ಟಡದ ಫೋಟೊ ಎಲ್ಲರ ಹತ್ತಿರವೂ ಇದೆ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ ಕೂತಿವೆ. ಸಿಂಹ ಬ್ರಿಟನ್, ಹುಲಿ ಇಂಡಿಯಾ. ಅವನ್ನು ನೋಡಿ ಬಂದವರು ಕಡಿಮೆ.

ಮರೀನ್ ಡ್ರೈವ್‌ನಲ್ಲಿ ನಿಂತರೆ ಆ 'ಹಾರ' ಕಾಣೋದೇ ಇಲ್ವಲ್ಲ?

ರಾತ್ರಿ ಅಲ್ಲಿನ ರಸ್ತೆ ದೀಪಗಳ ಬಾಗಿದ ಸಾಲಿಗೆ 'ರಾಣಿಯ ಹಾರ' ಅನ್ನುತ್ತಾರೆ. ಹಾರದ ಮೇಲೆಯೇ ನಿಂತರೆ ಹಾರ ಹೇಗೆ ಕಾಣಬೇಕು? ಒಂದೋ ನಾರಿಮನ್ ಪಾಯಿಂಟ್ ತುದಿಗೆ ಹೋಗಿ, ಅಲ್ಲಿಂದ ಬಾಗು ಪೂರ್ತಿ ಸಿಗುತ್ತದೆ. ಇಲ್ಲ ಮಲಬಾರ್ ಹಿಲ್ ಮೇಲಿನ ಕಮಲಾ ನೆಹರೂ ಪಾರ್ಕಿಗೆ ಹತ್ತಿ. ದೀಪ ಹತ್ತಿದ ಮೇಲೆ ಆಕಾಶ ಇನ್ನೂ ಕಡುನೀಲಿ ಇರುವ ಇಪ್ಪತ್ತು ನಿಮಿಷವೇ ಮುಖ್ಯ. ಪೂರ್ತಿ ಕತ್ತಲಾದರೆ ಬರೀ ಚುಕ್ಕಿಗಳು.

ಸೂರ್ಯಾಸ್ತಕ್ಕೆ ಇನ್ನೊಂದು ವಿಷಯ. ಮರೀನ್ ಡ್ರೈವ್ ನಡುಭಾಗದಲ್ಲಿ ನಿಂತರೆ ಚಳಿಗಾಲದಲ್ಲಿ ಸೂರ್ಯ ಎಡಕ್ಕೆ ಸರಿದು ನೀರಿಗೇ ಇಳಿಯುತ್ತಾನೆ. ಮೇ, ಜೂನ್‌ನಲ್ಲಿ ಬಲಕ್ಕೆ ಸರಿದು ಮಲಬಾರ್ ಹಿಲ್ ಕಟ್ಟಡಗಳ ಹಿಂದೆ ಹೋಗುತ್ತಾನೆ. ಆಗ ನಾರಿಮನ್ ಪಾಯಿಂಟ್ ಕಡೆ ನಡೆಯಿರಿ.

ದಾದರ್ ಹೂವಿನ ಮಾರ್ಕೆಟ್‌ಗೆ ಎಷ್ಟೊತ್ತಿಗೆ ಹೋಗಬೇಕು?

ಐದಕ್ಕೆ ಅಲ್ಲಿರಬೇಕು. ಏಳಕ್ಕೆ ಸಂದಣಿ, ಎಂಟಕ್ಕೆ ಉಳಿದ ಹೂವು. ದಾದರ್ ಸ್ಟೇಷನ್ನಿನ ಪಶ್ಚಿಮ ಬದಿಗೆ ಇಳಿದರೆ ವಾಸನೆಯೇ ಕರೆದುಕೊಂಡು ಹೋಗುತ್ತದೆ. ಫ್ಲೈಓವರ್ ಕೆಳಗೆ, ಗಲ್ಲಿಗಳಲ್ಲಿ, ನೀಲಿ ತಾಡಪಾಲಿನ ಮೇಲೆ ಚೆಂಡು ಹೂವಿನ ರಾಶಿ. ನೆಲ ಒದ್ದೆ, ಕೊಳೆತ ಎಸಳಿನ ಮೇಲೆ ಕಾಲಿಟ್ಟರೆ ಜಾರುತ್ತದೆ, ಚಪ್ಪಲಿ ಬೇಡ, ಶೂ ಹಾಕಿ. ಬುಟ್ಟಿ ಹೊತ್ತವರು ಹಿಂದಿನಿಂದ 'ಬಾಜೂ, ಬಾಜೂ' ಅಂತ ಕೂಗುತ್ತಾ ಬರುತ್ತಾರೆ. ಆ ಕೂಗು ಕೇಳಿದ ಕೂಡಲೇ ಕಣ್ಣು ಕ್ಯಾಮೆರಾದಿಂದ ತೆಗೆದು ಗೋಡೆಗೆ ಒರಗಿಬಿಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಚೆಂಡು ಹೂವಿನ ಕೇಸರಿ ಬಣ್ಣದಲ್ಲಿ ಕೆಂಪು ವಿಪರೀತ. ಬಲ್ಬಿನ ಹಳದಿ ಬೆಳಕೂ ಸೇರಿದರೆ ಕ್ಯಾಮೆರಾಗೆ ತಡೆದುಕೊಳ್ಳಲು ಆಗುವುದಿಲ್ಲ. ಮನೆಗೆ ಬಂದು ನೋಡಿದರೆ ಎಸಳೇ ಇಲ್ಲ, ಕೇಸರಿ ಬಣ್ಣ ಚೆಲ್ಲಿದ ಹಾಗೆ ಒಂದು ಉಂಡೆ. ನನ್ನ ಮೊದಲ ನಲವತ್ತು ಫೋಟೊ ಹಾಗೇ ಹೋದವು. ಈಗ ಎಕ್ಸ್‌ಪೋಷರ್ ಮೈನಸ್ 0.7ಕ್ಕೆ ಇಳಿಸಿ, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ತೆಗೆಯುತ್ತೇನೆ. ಮೊಬೈಲ್ ಆದರೆ ಹೂವಿನ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಕೆಳಗೆ ಎಳೆಯಿರಿ. ಶಟರ್ 1/125 ಸೆಕೆಂಡಿಗಿಂತ ನಿಧಾನ ಬೇಡ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಆದರೂ ಚಿಂತೆಯಿಲ್ಲ. ಹೊರಡುವಾಗ ಹತ್ತು ಇಪ್ಪತ್ತು ರೂಪಾಯಿ ಹೂವು ಕೊಳ್ಳಿ. ಅಷ್ಟು ಹೊತ್ತು ಅವರ ಅಂಗಡಿ ಮುಂದೆ ನಿಂತಿರುತ್ತೀರಿ.

ಗೇಟ್‌ವೇ ಫೋಟೊದಲ್ಲಿ ಬರೀ ತಲೆಗಳೇ ಬರ್ತವೆ. ಏನ್ಮಾಡೋದು?

ದೋಣಿ ಹತ್ತಿ. ಗುಹೆಗಳಿರುವ ಎಲಿಫೆಂಟಾ ದ್ವೀಪಕ್ಕೆ ಹೋಗುವ ದೋಣಿ ಅಲ್ಲಿಂದಲೇ ಹೊರಡುತ್ತದೆ, ಸುಮಾರು ಒಂದು ಗಂಟೆ ದಾರಿ. ಬೆಳಗಿನ ಮೊದಲ ದೋಣಿಗಳಲ್ಲಿ ಹೋದರೆ ಗೇಟ್‌ವೇ ಮತ್ತು ತಾಜ್ ಎರಡರ ಮೇಲೂ ಬಿಸಿಲು, ಮುಂದೆ ಬರೀ ನೀರು. ಹೊರಟ ಮೊದಲ ಐದು ನಿಮಿಷ ಹಿಂಬದಿಯಲ್ಲಿ ನಿಂತಿರಿ. ಸೋಮವಾರ ಎಲಿಫೆಂಟಾ ಗುಹೆಗೆ ರಜೆ. ಒಳಗೆ ಹೆಚ್ಚೂಕಡಿಮೆ 20 ಅಡಿಯ, ಮೂರು ಮುಖದ ಸದಾಶಿವ ಮೂರ್ತಿ ಅರೆಗತ್ತಲಲ್ಲಿದೆ. 35 ಎಂಎಂ ಎಫ್ 1.8 ಕೈಯಲ್ಲಿದ್ದರೆ ಅಲ್ಲಿ ಬದುಕಿದಿರಿ. ಫ್ಲ್ಯಾಶ್ ಹಾಕಿದರೆ ಮೂರು ಮುಖವೂ ಚಪ್ಪಟೆ.

ಹಳೇ ಪದ್ಮಿನಿ ಟ್ಯಾಕ್ಸಿ, ಕೆಂಪು ಡಬಲ್ ಡೆಕರ್ ಎಲ್ಲಿ ಸಿಗುತ್ತೆ?

ತಡವಾಯಿತು. ಹಳೆಯ ಡೀಸೆಲ್ ಡಬಲ್ ಡೆಕರ್ 2023ರ ಸೆಪ್ಟೆಂಬರ್‌ನಲ್ಲಿ ನಿಂತಿತು, ಪ್ರೀಮಿಯರ್ ಪದ್ಮಿನಿ ಕಾರಿನ ಟ್ಯಾಕ್ಸಿ ಅಕ್ಟೋಬರ್‌ನಲ್ಲಿ. ಈಗ ಓಡುವ ಡಬಲ್ ಡೆಕರ್ ಎಲೆಕ್ಟ್ರಿಕ್, ಎಸಿಯದು. ಕಪ್ಪು-ಹಳದಿ ಬಣ್ಣ ಬೇರೆ ಕಾರುಗಳ ಮೇಲೆ ಉಳಿದಿದೆ, ಅಷ್ಟೇ.

ನಮ್ಮ ಕನ್ನಡದವರ ಮುಂಬೈ ಫೋಟೊ ಬೇಕು. ಎಲ್ಲಿಗೆ ಹೋಗಲಿ?

ಮಾಟುಂಗಾ, ಕಿಂಗ್ಸ್ ಸರ್ಕಲ್ ಹತ್ತಿರ. ಬೆಳಗ್ಗೆ ಏಳೂವರೆಯ ಮಾರ್ಕೆಟ್ಟಿನಲ್ಲಿ ಬಾಳೆ ಎಲೆಯ ಕಟ್ಟು, ಮಲ್ಲಿಗೆ ಮಾಲೆ, ಕಾಫಿ ಪುಡಿಯ ವಾಸನೆ. ಒಂದು ಕ್ಷಣ ಮುಂಬೈ ಅನ್ನೋದೇ ಮರೆತುಹೋಗುತ್ತದೆ. ಸ್ಟೇಷನ್ ಎದುರಿನ ರಾಮ ನಾಯಕರ ಉಡುಪಿ ಬೋರ್ಡಿಂಗ್ 1942ರದ್ದು. ಬಾಳೆ ಎಲೆ ಮೇಲೆ ಊಟ ಬಡಿಸುತ್ತಾರೆ. ಮೈಸೂರ್ ಅಸೋಸಿಯೇಷನ್ ಇರುವುದೂ ಮಾಟುಂಗಾದಲ್ಲೇ. ಕನ್ನಡದಲ್ಲಿ ಮಾತಾಡಿಸಿದರೆ 'ಯಾವ ಊರು ನಿಮ್ದು?' ಅಂತ ಅವರೇ ಕೇಳುತ್ತಾರೆ. ಆಮೇಲೆ ಫೋಟೊಗೆ ಅನುಮತಿ ಕೇಳುವ ಕಷ್ಟವೇ ಇಲ್ಲ.

## ಜನ, ಪೊಲೀಸರು, ನಿಯಮ

ಜನರ ಫೋಟೊ ತೆಗೆದರೆ ಬೈತಾರಾ?

ಕೇಳಿದರೆ ಬಹುತೇಕ ಬೈಯುವುದಿಲ್ಲ. 'ಫೋಟೊ ಕಾಢೂ ಕಾ?' ಅಂತ ಮರಾಠಿಯಲ್ಲಿ ಕೇಳಿ, ಮುಖದಲ್ಲಿ ನಗು ಬರುತ್ತದೆ. ಬೇಡ ಅಂದರೆ ಬೇಡ. ಗಿರ್‌ಗಾಂವ್‌ನ ಖೋತಾಚಿ ವಾಡಿಯ ಮರದ ಮನೆಗಳು ಚಂದ, ಆದರೆ ಅವು ಜನ ವಾಸ ಮಾಡುವ ಮನೆಗಳು. ಕಿಟಕಿಗೆ ಲೆನ್ಸ್ ಇಡಬೇಡಿ. ಮಹಾಲಕ್ಷ್ಮಿಯ ಧೋಬಿ ಘಾಟನ್ನು ಸ್ಟೇಷನ್ ಪಕ್ಕದ ಸೇತುವೆ ಮೇಲಿಂದಲೇ ತೆಗೆಯಬಹುದು. ಧಾರಾವಿಗೆ ಕ್ಯಾಮೆರಾ ಹಿಡಿದು ಬಡತನ ನೋಡಲು ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ಸಸೂನ್ ಡಾಕ್‌ನ ಮೀನು ಹರಾಜು ನೋಡಬೇಕಾದ್ದೇ. 1875ರ ಧಕ್ಕೆ, ಮುಂಜಾನೆ ಗಿಜಿಗಿಜಿ ಅನ್ನುತ್ತದೆ. ಆದರೆ ಬಾಗಿಲಲ್ಲೇ ಕೇಳಿಕೊಳ್ಳಿ. ಬೇಡ ಅಂದರೆ ಕ್ಯಾಮೆರಾ ಒಳಗಿಟ್ಟು ಕಣ್ಣಲ್ಲಿ ನೋಡಿ ಬನ್ನಿ. ಆ ಸುತ್ತಮುತ್ತ ನೌಕಾಪಡೆಯ ಜಾಗಗಳಿವೆ, ವಾದ ಮಾಡುವ ಊರಲ್ಲ ಅದು.

ಟ್ರೈಪಾಡ್, ಡ್ರೋನ್ ತರಬಹುದಾ ಸರ್?

ಡ್ರೋನ್ ಮನೆಯಲ್ಲೇ ಬಿಡಿ. ಭದ್ರತೆಯ ಕಾರಣಕ್ಕೆ ಮುಂಬೈ ಪೊಲೀಸರು ಡ್ರೋನ್ ನಿಷೇಧದ ಆದೇಶವನ್ನು ಮತ್ತೆ ಮತ್ತೆ ಹೊರಡಿಸುತ್ತಾರೆ. ಟ್ರೈಪಾಡ್ ಬಿಚ್ಚಿದ ಕೂಡಲೇ ನೀವು ಪ್ರವಾಸಿ ಅಲ್ಲ, ಶೂಟಿಂಗ್‌ನವರು. ಯಾರೋ ಒಬ್ಬರು ಬಂದು ಪರ್ಮಿಷನ್ ಕೇಳುತ್ತಾರೆ. ನಾನು ಅರ್ಧ ಕಿಲೋ ಅಕ್ಕಿ ತುಂಬಿದ ಬಟ್ಟೆ ಚೀಲ ಒಯ್ಯುತ್ತೇನೆ. ಅಕ್ಕನೇ ಹೊಲಿದು ಕೊಟ್ಟದ್ದು. ಮರೀನ್ ಡ್ರೈವ್ ಕಟ್ಟೆ ಮೇಲೆ ಅದನ್ನಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಎರಡು ಸೆಕೆಂಡ್ ಟೈಮರ್ ಹಾಕಿದರೆ ಸಾಕು. ಎಫ್ 8, ಐಎಸ್‌ಒ 100, ಎಂಟು ಸೆಕೆಂಡ್. ಕಾರಿನ ದೀಪ ಗೆರೆಯಾಗಿ ಬರುತ್ತದೆ.

## ಕೈ ಪಳಗಿದವರಿಗೆ

ಲೋಕಲ್ ಓಡ್ತಿರೋ ಹಾಗೆ ಕಾಣಬೇಕು, ಜನ ಮಾತ್ರ ಶಾರ್ಪ್ ಇರಬೇಕು. ಹೇಗೆ?

ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಾಯುವವರನ್ನು ಹುಡುಕಿ. ಪೇಪರ್ ಓದುವವರು, ಫೋನ್ ನೋಡುವವರು. ಕಂಬಕ್ಕೆ ಒರಗಿ, ಉಸಿರು ಹಿಡಿದು 1/8 ಸೆಕೆಂಡ್. ಅವರ ಹಿಂದೆ ರೈಲು ಗೀಚಿದ ಹಾಗೆ ಹೋಗುತ್ತದೆ. ಹತ್ತು ತೆಗೆದರೆ ಒಂದು ಸರಿ ಬರುತ್ತದೆ. ಉಲ್ಟಾ ಬೇಕಾದರೆ, ಅಂದರೆ ಬಾಗಿಲಲ್ಲಿ ನಿಂತವನು ಸ್ಪಷ್ಟ, ಹಿನ್ನೆಲೆ ಗೆರೆ, 1/30 ಇಟ್ಟು ಅವನ ಜೊತೆಗೇ ಕ್ಯಾಮೆರಾ ತಿರುಗಿಸಿ. ಹಳದಿ ಗೆರೆ ದಾಟಬೇಡಿ. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಈ ಸಾಹಸವೇ ಬೇಡ, ತಳ್ಳಾಟದಲ್ಲಿ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಮಳೆಗಾಲದಲ್ಲಿ ಅಲೆ ಹೊಡೆಯೋ ಫೋಟೊ ತೆಗೀಬೇಕು. ಯಾವ ದಿನ ಹೋಗಲಿ?

ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಸಮುದ್ರದ ಉಬ್ಬರ ದೊಡ್ಡದು. ಉಬ್ಬರದ ಹೊತ್ತು, ಎತ್ತರ ಪೇಪರಿನಲ್ಲಿ ಬರುತ್ತದೆ. 4.5 ಮೀಟರ್ ದಾಟಿದ ದಿನ, ಜೊತೆಗೆ ಗಾಳಿ ಇದ್ದರೆ, ವರ್ಳಿ ಸೀ ಫೇಸ್ ಮತ್ತು ಮರೀನ್ ಡ್ರೈವ್‌ನಲ್ಲಿ ಅಲೆ ಕಟ್ಟೆ ದಾಟುತ್ತದೆ. ಉಬ್ಬರ ದಿನಕ್ಕೆ ಎರಡು ಸಲ, ಮರುದಿನ ಸುಮಾರು 50 ನಿಮಿಷ ತಡ. ಹಾಗಾಗಿ ಹಗಲಿಗೆ ಬೀಳುವ ದಿನ ಆರಿಸಿಕೊಳ್ಳಿ. ರಸ್ತೆಯ ಈಚೆ ಬದಿಗೆ ನಿಂತು ಜೂಮ್ ಮಾಡಿ, ಶಟರ್ 1/1000. ಕಟ್ಟೆ ಹತ್ತಿರ, ಅಲೆ ತಡೆಯಲು ಹಾಕಿದ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್‌ಗಳ ಮೇಲೆ ಇಳಿಯಲೇಬೇಡಿ. ಪ್ರತಿ ವರ್ಷ ಜನ ಕೊಚ್ಚಿಹೋಗುತ್ತಾರೆ. ಉಪ್ಪುನೀರು ಸಿಡಿದರೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗಾಜು ಗೀರುತ್ತದೆ. ಮೊದಲು ಸಿಹಿನೀರಲ್ಲಿ ಹಿಂಡಿದ ಬಟ್ಟೆ, ಆಮೇಲೆ ಒಣದ್ದು.

ರೂಮಿಂದ ಹೊರಗೆ ಬಂದ ತಕ್ಷಣ ಲೆನ್ಸ್ ಮೇಲೆ ಮಂಜು. ಕೆಟ್ಟುಹೋಯ್ತಾ?

ಕೆಟ್ಟಿಲ್ಲ. ಎಸಿಯಲ್ಲಿ ತಣ್ಣಗಾದ ಗಾಜಿಗೆ ಹೊರಗಿನ ಒದ್ದೆ ಗಾಳಿ ತಗುಲಿ ಹನಿ ಕಟ್ಟಿದೆ. ಒರೆಸಿದರೆ ಮತ್ತೆ ಬರುತ್ತದೆ. ನಾನು ಒಮ್ಮೆ ಗೇಟ್‌ವೇ ಮುಂದೆ ಸೂರ್ಯೋದಯ ಪೂರ್ತಿ ಒರೆಸುವುದರಲ್ಲೇ ಕಳೆದೆ. ಹೊರಡುವ ಅರ್ಧ ಗಂಟೆ ಮೊದಲು ಬ್ಯಾಗನ್ನು ಜಿಪ್ ಹಾಕಿಯೇ ಎಸಿ ಇಲ್ಲದ ಕಡೆ ಇಡಿ, ನಿಧಾನ ಬೆಚ್ಚಗಾಗಲಿ. ಲೆನ್ಸ್ ಬಿಚ್ಚಬೇಡಿ, ಹನಿ ಸೆನ್ಸರ್ ಮೇಲೂ ಕೂರುತ್ತದೆ.

ಸೀ ಲಿಂಕ್ ಎಲ್ಲಿಂದ ಚೆನ್ನಾಗಿ ಕಾಣುತ್ತೆ? ಟ್ಯಾಕ್ಸಿ ನಿಲ್ಲಿಸ್ತಾರಾ?

ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ಬಾಂದ್ರಾ-ವರ್ಳಿ ನಡುವೆ ಸಮುದ್ರದ ಮೇಲೆ 2009ರಲ್ಲಿ ತೆರೆದ 5.6 ಕಿಲೋಮೀಟರಿನ ಸೇತುವೆ, ಅದನ್ನು ದೂರದಿಂದಲೇ ನೋಡಬೇಕು. ಬಾಂದ್ರಾ ಕೋಟೆಗೆ ಸಂಜೆ ಹೋಗಿ. ಬಿಸಿಲು ಬಲಗಡೆಯಿಂದ ಕೇಬಲ್‌ಗಳ ಮೇಲೆ ಬೀಳುತ್ತದೆ.

ಫ್ಲೆಮಿಂಗೊಗೆ 300 ಎಂಎಂ ಸಾಕಾ? ಹೋದಾಗ ಹಕ್ಕಿ ತುಂಬಾ ದೂರ ಇದ್ವು.

ಲೆನ್ಸಿಗಿಂತ ಹೊತ್ತು ತಪ್ಪಿರಬೇಕು. ಹಕ್ಕಿ ಮೇಯುವುದು ಕೆಸರಿನಲ್ಲಿ. ಇಳಿತದಲ್ಲಿ ಕೆಸರು ದೂರದವರೆಗೆ ತೆರೆದುಕೊಂಡು ಅವೂ ದೂರ ಹೋಗುತ್ತವೆ. ನೀರು ಏರುತ್ತಾ ಬಂದಂತೆ ದಡದ ಕಡೆ ಸರಿಯುತ್ತವೆ. ಉಬ್ಬರಕ್ಕೆ ಎರಡು ಮೂರು ಗಂಟೆ ಮೊದಲು ಹೋಗಿ ಕಾದರೆ 300 ಎಂಎಂ ಸಾಕು, ಕ್ರಾಪ್ ಸೆನ್ಸರ್ ಆದರೆ ಇನ್ನೂ ಒಳ್ಳೆಯದು. ಫ್ಲೆಮಿಂಗೊ ನೋಡಲು ಹೋಗುವ ಶಿವಡಿಯ ದಡ ಪೂರ್ವಕ್ಕೆ ಮುಖ ಮಾಡಿದೆ. ಮಧ್ಯಾಹ್ನದ ಮೇಲಿನ ಉಬ್ಬರದ ದಿನ ಸಿಕ್ಕರೆ ಬಿಸಿಲು ನಿಮ್ಮ ಬೆನ್ನಿಗೆ. ಐರೋಲಿಯಿಂದ ಠಾಣೆ ಕೊಲ್ಲಿಯೊಳಗೆ ದೋಣಿಯಲ್ಲೂ ಕರೆದೊಯ್ಯುತ್ತಾರೆ, ಅದೂ ಉಬ್ಬರ ನೋಡಿಯೇ ಹೊರಡುತ್ತದೆ. ಚಳಿಗಾಲದಿಂದ ಮೇ ತನಕ ಹಕ್ಕಿ ಇರುತ್ತವೆ. ದೋಣಿ ಹತ್ತುವಾಗ ಬ್ಯಾಗು ಇಲ್ಲೂ ಎದೆ ಮೇಲೇ ಇರಲಿ.